ಕರಾವಳಿಯ ತೇವದಲ್ಲಿ ಕಾರಿನ ಹೊಸ ಫೆಂಡರ್‌ಗೆ ಮನೆಯಲ್ಲೇ ಬಣ್ಣ ಹೊಡೆಯುವುದು ಹೇಗೆ?

ಮಳೆಗಾಲ ಮುಗಿದು ಬಿಸಿಲು ಕಂಡ ಕೂಡಲೇ ಮಂಗಳೂರು, ಉಡುಪಿ ಕಡೆಯವರು ಕೇಳುವುದು ಇದನ್ನೇ. ಫೆಂಡರ್, ಅಂದರೆ ಚಕ್ರದ ಮೇಲಿನ ತಗಡು, ತುಕ್ಕು ತಿಂದಿದೆ, ಹೊಸದು ತಂದಿದ್ದೇನೆ, ಬಣ್ಣ ಮನೆಯಲ್ಲೇ ಹೊಡೆಯಬಹುದಾ? ಬಂಪರ್ ಒಡೆದಿದೆ, ಅಂಗಡಿಯಲ್ಲಿ ಬಣ್ಣ ಇಲ್ಲದ ಕಪ್ಪು ಬಂಪರ್ ಮಾತ್ರ ಸಿಕ್ಕಿತು, ಸ್ಪ್ರೇ ಕ್ಯಾನ್ ಸಾಕಾಗುತ್ತದಾ?

ಹೊಡೆಯಬಹುದು. ತಾಳ್ಮೆ ಇದ್ದರೆ ಚೆನ್ನಾಗಿಯೇ ಬರುತ್ತದೆ. ಆದರೆ ನೀವು ನೋಡುವ ಹೆಚ್ಚಿನ ವಿಡಿಯೋಗಳು ಒಣ ಹವೆಯ ಊರುಗಳಲ್ಲಿ ಮಾಡಿದ್ದು. ಅಲ್ಲಿನ ಗಾಳಿ ಬೇರೆ, ನಮ್ಮ ಗಾಳಿ ಬೇರೆ. ಇಲ್ಲಿ ಕೆಲಸ ಕೆಡುವುದು ಕೈಚಳಕ ಇಲ್ಲದೆ ಅಲ್ಲ, ಗಾಳಿಯ ತೇವ ಮತ್ತು ಉಪ್ಪನ್ನು ಲೆಕ್ಕಕ್ಕೆ ಹಿಡಿಯದೆ. ಹಾಗಾಗಿ ಕ್ಯಾನ್ ಹಿಡಿಯುವುದು ಹೇಗೆ ಎನ್ನುವುದಕ್ಕಿಂತ ಯಾವ ದಿನ, ಯಾವ ಹೊತ್ತಿಗೆ, ಎಷ್ಟು ತಯಾರಿ ಮಾಡಿ ಹಿಡಿಯಬೇಕು ಅನ್ನುವುದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಬೋಲ್ಟ್ ಬಿಚ್ಚಿ ಹೊರಗೆ ತೆಗೆಯಬಹುದಾದ ಭಾಗ ಆಗಿದ್ದರೆ, ಅಂದರೆ ಮುಂದಿನ ಫೆಂಡರ್, ಬಂಪರ್, ಕನ್ನಡಿಯ ಕವರ್ ಇಂಥದ್ದು, ಮನೆಯಲ್ಲಿ ಮಾಡಿ. ಬಿಳಿ, ಕೆಂಪು, ಕಪ್ಪಿನಂಥ ಸಾದಾ ಬಣ್ಣ ಆದರೆ ಇನ್ನೂ ಒಳ್ಳೆಯದು. ಸಿಲ್ವರ್, ಗ್ರೇ ಥರದ ಮೆಟಾಲಿಕ್ ಬಣ್ಣ ಸ್ವಲ್ಪ ಕಷ್ಟ, ಆದರೂ ಆಗುತ್ತದೆ. ಪರ್ಲ್ ವೈಟ್ ಮಾತ್ರ ಬೇಡ. ಅದರಲ್ಲಿ ಹೆಚ್ಚಾಗಿ ಬಿಳಿಯ ಮೇಲೆ ಹೊಳೆಯುವ ಇನ್ನೊಂದು ಪದರ ಬರುತ್ತದೆ. ಆ ಪದರ ಒಂದು ಕೋಟ್ ಹೆಚ್ಚಾದರೂ, ಕಮ್ಮಿಯಾದರೂ ಪಕ್ಕದ ಬಾಗಿಲಿನ ಬಣ್ಣಕ್ಕೆ ಹೊಂದುವುದಿಲ್ಲ. ಪರ್ಲ್ ಕಾರಿನವರು ಪೇಂಟಿಂಗ್ ಶೆಡ್‌ಗೆ ಕೊಡುವುದೇ ಸರಿ.

ಅಪಘಾತ ಆಗಿ ಇನ್ಶೂರೆನ್ಸ್ ಕ್ಲೈಮ್ ಮಾಡುವ ಯೋಚನೆ ಇದ್ದರೆ ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚಬೇಡಿ. ಹೊಸ ಕಾರುಗಳಲ್ಲಿ ಬಂಪರ್ ಹಿಂದೆ ರಾಡಾರ್ ಇರುವುದೂ ಉಂಟು. ದಪ್ಪ ಬಣ್ಣದಿಂದ ಅದರ ಕೆಲಸ ಕೆಡಬಹುದು. ಅಂಥ ಬಂಪರ್‌ಗೂ ಮನೆಯ ಪ್ರಯೋಗ ಬೇಡ.

ಯಾವಾಗ ಹೊಡೆಯಬೇಕು?

ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸದ ಹೆಸರೆತ್ತಬೇಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಸಂಜೆ ಗುಡುಗು ಮಳೆ ಬರುತ್ತದೆ. ನಮಗೆ ಒಳ್ಳೆಯ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಆಗ ಬೆಳಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿ ಕಡಲ ಗಾಳಿ ಶುರುವಾಗುತ್ತದೆ. ಪಣಂಬೂರು, ಮಲ್ಪೆ, ಕಾಪು ಕಡೆ ಕಡಲಿಗೆ ಹತ್ತಿರ ಇರುವವರಿಗೆ ಇದು ಚರ್ಮಕ್ಕೇ ಗೊತ್ತಾಗುತ್ತದೆ. ಮುಂಜಾನೆ ಇಬ್ಬನಿ ಇರುತ್ತದೆ, ಮಧ್ಯಾಹ್ನ ಕಡಲ ತೇವ. ಇವೆರಡರ ನಡುವೆ, ಸುಮಾರು 9ರಿಂದ 12ರ ತನಕ ಸಿಗುವ ಹೊತ್ತೇ ನಮ್ಮದು.

ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತದೆ, ಹೈಗ್ರೋಮೀಟರ್ ಅಂತ ಕೇಳಿ. ದುಬಾರಿ ಅಲ್ಲ. ಸ್ಪ್ರೇ ಮಾಡುವ ಜಾಗದಲ್ಲೇ ಅದನ್ನು ಇಡಿ. 65 ಶೇಕಡಾಕ್ಕಿಂತ ಕಮ್ಮಿ ತೋರಿಸಿದರೆ ನಿಶ್ಚಿಂತೆಯಿಂದ ಹೊಡೆಯಿರಿ. 75 ದಾಟಿದರೆ ಕ್ಯಾನ್ ಕೆಳಗಿಡಿ, ನಾಳೆ ನೋಡೋಣ ಅನ್ನಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬಣ್ಣದಲ್ಲಿರುವ ಥಿನ್ನರ್ ಆವಿಯಾಗುವಾಗ ಆ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಆ ತಣ್ಣನೆಯ ಹಸಿ ಬಣ್ಣದ ಮೇಲೆ ಕಣ್ಣಿಗೆ ಕಾಣದ ಹನಿಯಾಗಿ ಕೂರುತ್ತದೆ. ಒಣಗಿದ ಮೇಲೆ ಹೊಳಪಿನ ಬದಲು ಹಾಲು ಹಾಲಾದ ಮಬ್ಬು ಕಾಣಿಸುತ್ತದೆ. ಇದಕ್ಕೆ ಬ್ಲಶಿಂಗ್ ಅನ್ನುತ್ತಾರೆ. ಕ್ಯಾನ್ ನಕಲಿ ಅಂತ ಅಂಗಡಿಯವರ ಮೇಲೆ ಸಿಟ್ಟು ಮಾಡಿಕೊಳ್ಳುವವರಲ್ಲಿ ಹಲವರ ಕಷ್ಟ ನಿಜವಾಗಿ ಇದು.

ಉಸಿರಿನ ವಿಷಯ

ಇದನ್ನು ಬಿಟ್ಟು ಮುಂದೆ ಓದಬೇಡಿ. ಮೇಲಿನ ಹೊಳಪಿನ ಪದರ, ಅಂದರೆ ಕ್ಲಿಯರ್ ಕೋಟ್, ಎರಡು ಥರ ಸಿಗುತ್ತದೆ. 1ಕೆ ಅಂದರೆ ಸುಮ್ನೆ ಗಾಳಿಗೆ ಒಣಗುವುದು. 2ಕೆ ಅಂದರೆ ಹಾರ್ಡ್‌ನರ್ ಬೆರೆತು ರಾಸಾಯನಿಕವಾಗಿ ಗಟ್ಟಿಯಾಗುವುದು. ಬಾಳಿಕೆಯಲ್ಲಿ 2ಕೆಗೆ ಸಮ ಇಲ್ಲ, ಪೆಟ್ರೋಲ್ ಚೆಲ್ಲಿದರೂ ಸುಲಭಕ್ಕೆ ಕರಗುವುದಿಲ್ಲ. ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಎಂಬ ವಸ್ತು ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ಬರಬಹುದು. ಒಮ್ಮೆ ಮೈಗೆ ಆಗದೆ ಹೋದರೆ ಮುಂದೆ ಸ್ವಲ್ಪ ತಾಗಿದರೂ ಉಸಿರು ಕಟ್ಟಬಹುದು. ವಾಸನೆಯನ್ನು ನಂಬಿ ಕೂರುವ ಹಾಗೂ ಇಲ್ಲ, ಮೂಗಿಗೆ ಗೊತ್ತಾಗುವ ಮೊದಲೇ ಅದು ಅಪಾಯದ ಮಟ್ಟ ದಾಟಿರುತ್ತದೆ.

ಬಟ್ಟೆ ಮಾಸ್ಕ್, ಎನ್95 ಯಾವುದೂ ಆವಿಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಮತ್ತು ಅದರ ಮುಂದೆ ಧೂಳಿನ ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಬೇಕು, ಹೊಸ ಕಾರ್ಟ್ರಿಡ್ಜ್ ಜೊತೆಗೆ. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಅಂಟುವುದಿಲ್ಲ. ಕನ್ನಡಕ, ನೈಟ್ರೈಲ್ ಗ್ಲೌಸ್, ಉದ್ದ ತೋಳಿನ ಅಂಗಿ ಕೂಡ ಬೇಕು. ಪೇಂಟಿಂಗ್ ಬೂತ್‌ಗಳಲ್ಲಿ ಪೈಪಿನ ಮೂಲಕ ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಬಳಸುತ್ತಾರೆ. ಮನೆಯಲ್ಲಿ ಅದಿಲ್ಲ, ಆದ್ದರಿಂದ 2ಕೆ ಹೊಡೆಯುವುದಾದರೆ ಬಯಲಿನಲ್ಲೇ ಹೊಡೆಯಿರಿ, ಮುಚ್ಚಿದ ಕೋಣೆಯಲ್ಲಿ ಖಂಡಿತ ಬೇಡ. ನಿಮಗೆ ಮೊದಲೇ ಅಸ್ತಮಾ ಇದ್ದರೆ 2ಕೆ ಮುಟ್ಟಲೇಬೇಡಿ.

ಇನ್ನೊಂದು, ಬೆಂಕಿ. ನಮ್ಮ ಹಳೆ ಮನೆಗಳಲ್ಲಿ ಅಂಗಳದ ಮೂಲೆಯಲ್ಲೇ ಬಚ್ಚಲು, ಬಚ್ಚಲಲ್ಲಿ ತೆಂಗಿನ ಸಿಪ್ಪೆಯ ಒಲೆ. ಥಿನ್ನರ್ ಆವಿ ನೆಲದ ಮಟ್ಟದಲ್ಲೇ ಹರಿದು ಅಲ್ಲಿವರೆಗೂ ಹೋಗುತ್ತದೆ. ಆ ದಿನ ಸ್ನಾನದ ನೀರನ್ನು ಬೇಗ ಕಾಯಿಸಿ, ಕೆಂಡ ಪೂರ್ತಿ ಆರಿಸಿ. ತುಳಸಿಕಟ್ಟೆಯ ದೀಪ, ಊದುಬತ್ತಿಗೂ ಅದೇ ಮಾತು. ಮಕ್ಕಳು, ಹಿರಿಯರು, ನಾಯಿ ಬೆಕ್ಕು ಎಲ್ಲ ಗಾಳಿ ಬೀಸುವ ದಿಕ್ಕಿನಿಂದ ದೂರ ಇರಲಿ.

ಏನೇನು ಬೇಕು?

ಒಂದು ಫೆಂಡರ್‌ಗೆ 400 ಎಂಎಲ್ ಕ್ಯಾನ್ ಲೆಕ್ಕದಲ್ಲಿ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಅಡಿ ಪದರ) 1, ಬಣ್ಣ 2, ಕ್ಲಿಯರ್ 1 ತನ್ನಿ. ಬಂಪರ್ ದೊಡ್ಡದು, ಅದಕ್ಕೆ ಪ್ರೈಮರ್ 2, ಬಣ್ಣ 3, ಕ್ಲಿಯರ್ 2 ಇರಲಿ. ಇನ್ನು 320, 400, 600, 800, 1500, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜಬಹುದಾದ ಸ್ಯಾಂಡ್ ಪೇಪರ್), ಬೂದು ಬಣ್ಣದ ಸ್ಕಾಚ್ ಬ್ರೈಟ್, ರಬ್ಬಿಂಗ್ ಕಾಂಪೌಂಡ್, ಮಾಸ್ಕಿಂಗ್ ಟೇಪ್, ಎಣ್ಣೆ ಜಿಡ್ಡು ತೆಗೆಯುವ ದ್ರಾವಣ, ಧೂಳು ಹಿಡಿಯುವ ಅಂಟು ಬಟ್ಟೆ. ಈ ಬಟ್ಟೆಗೆ ಟ್ಯಾಕ್ ಕ್ಲಾತ್ ಅನ್ನುತ್ತಾರೆ.

ಬಣ್ಣದ ಡಬ್ಬಿಯನ್ನು ಹೆಸರು ನೋಡಿ ಕೊಳ್ಳಬೇಡಿ. ಒಂದೇ ಕಂಪನಿಯಲ್ಲೇ ನಾಲ್ಕಾರು ಥರ ಬಿಳಿ ಇರುತ್ತದೆ. ಕಾರಿನ ಬಾಗಿಲಿನ ಕಂಬದಲ್ಲೋ ಬಾನೆಟ್ ಒಳಗೋ ಇರುವ ಪ್ಲೇಟ್‌ನಲ್ಲಿ ಬಣ್ಣದ ಕೋಡ್ ಇರುತ್ತದೆ. ಉದಾಹರಣೆಗೆ ಮಾರುತಿಯ ಸಿಲ್ಕಿ ಸಿಲ್ವರ್‌ಗೆ ಝೆಡ್2ಎಸ್. ಆ ಕೋಡ್ ಕೊಟ್ಟರೆ ಕಾರ್ ಪೇಂಟ್ ಬೆರೆಸುವ ಅಂಗಡಿಯವರು ತಕ್ಕಡಿಯಲ್ಲಿ ಅಳೆದು ಬೆರೆಸುತ್ತಾರೆ, ಕೆಲವರು ಅದನ್ನೇ ಸ್ಪ್ರೇ ಕ್ಯಾನ್‌ಗೂ ತುಂಬಿಸಿ ಕೊಡುತ್ತಾರೆ. ಆದರೆ ಕೋಡ್ ಹೇಳುವುದು ಕಾರು ಹೊಸದಾಗಿದ್ದಾಗಿನ ಬಣ್ಣ. ಆರೇಳು ವರ್ಷ ನಮ್ಮ ಬಿಸಿಲು ತಿಂದ ಕಾರು ಹಾಗೆ ಉಳಿದಿರುವುದಿಲ್ಲ, ಅಲ್ವಾ? ಅದಕ್ಕೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಬಾಗಿಲು ಬಿಚ್ಚಿ, ಪಾಲಿಶ್ ಮಾಡಿ, ಜೊತೆಗೆ ತೆಗೆದುಕೊಂಡು ಹೋಗಿ. "ಅಣ್ಣ, ಕೋಡ್ ಇದು, ಆದರೆ ಇದಕ್ಕೆ ಹೊಂದಿಸಿ ಕೊಡಿ" ಅಂತ ಕೇಳಿ. ನೆರಳಲ್ಲೂ ಬಿಸಿಲಲ್ಲೂ ಹಿಡಿದು ನೋಡಿ ಒಪ್ಪಿಕೊಳ್ಳಿ.

ಈಗ ಕೆಲಸ.

1. ಬಣ್ಣಕ್ಕೆ ಮೊದಲು ಕೂರಿಸಿ ನೋಡಿ

ಹೊಸ ಫೆಂಡರನ್ನು ಬಣ್ಣ ಇಲ್ಲದೆಯೇ ಕಾರಿಗೆ ಬೋಲ್ಟ್ ಹಾಕಿ ಕೂರಿಸಿ. ಬಾಗಿಲಿನ ಸಂದು, ಬಾನೆಟ್ ಸಂದು ಸರಿ ಇದೆಯಾ ನೋಡಿ. ಕಮ್ಮಿ ಬೆಲೆಯ ಭಾಗಗಳಲ್ಲಿ ತೂತು ಒಂದೆರಡು ಮಿಲಿಮೀಟರ್ ಆಚೀಚೆ ಇರುತ್ತದೆ. ತೂತು ಅರೆಯುವುದು, ಅಂಚು ಬಗ್ಗಿಸುವುದು ಎಲ್ಲ ಈಗಲೇ ಆಗಬೇಕು. ಬಣ್ಣ ಹೊಡೆದ ಮೇಲೆ ಅರೆದರೆ ಆ ಗಾಯದಿಂದಲೇ ತುಕ್ಕು ಶುರು.

2. ಕಪ್ಪು ಪದರ ಎಂಥದ್ದು ಅಂತ ತಿಳಿದುಕೊಳ್ಳಿ

ಹೊಸ ಫೆಂಡರ್ ಕಪ್ಪಾಗಿ ಬರುತ್ತದೆ. ಒಳ್ಳೆಯ ಭಾಗದಲ್ಲಿ ಅದು ಇ-ಕೋಟ್, ಅಂದರೆ ಕಾರ್ಖಾನೆಯಲ್ಲಿ ತೊಟ್ಟಿಗೆ ಮುಳುಗಿಸಿ ವಿದ್ಯುತ್ ಹರಿಸಿ ಹಿಡಿಸಿದ ಪ್ರೈಮರ್. ಅದು ತುಕ್ಕಿಗೆ ಒಳ್ಳೆ ತಡೆ, ಅದನ್ನು ಕೆರೆದು ತೆಗೆಯುವುದು ನಷ್ಟ. ಅಗ್ಗದ ಭಾಗದಲ್ಲಿ ಅದು ಸಾಗಾಟಕ್ಕೆ ಬಳಿದ ಬರೀ ಕಪ್ಪು ಬಣ್ಣ. ಪರೀಕ್ಷೆ ಸುಲಭ. ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಒಳಬದಿಯಲ್ಲಿ ಅರ್ಧ ನಿಮಿಷ ಉಜ್ಜಿ. ಬಟ್ಟೆ ಕಪ್ಪಾಗಿ ಬಣ್ಣ ಕರಗಿ ಬಂದರೆ ಪೂರ್ತಿ ತೆಗೆಯಿರಿ. ಬರದಿದ್ದರೆ ಅದನ್ನು ಉಳಿಸಿಕೊಂಡು 400 ನಂಬರ್ ಪೇಪರ್ ಅಥವಾ ಸ್ಕಾಚ್ ಬ್ರೈಟ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ.

ಬಂಪರ್ ಆದರೆ ದಾರಿ ಬೇರೆ. ಹಿಂಬದಿಯಲ್ಲಿ ಪಿಪಿ ಅಂತ ಅಚ್ಚು ಇದ್ದರೆ ಅದು ಪಾಲಿಪ್ರೊಪಿಲಿನ್, ಬಣ್ಣ ಸುಲಭಕ್ಕೆ ಅಂಟದ ಪ್ಲಾಸ್ಟಿಕ್. ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡೂ ಅದರ ಮೇಲೆ ಉಳಿದಿರುತ್ತದೆ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಸ್ಕಾಚ್ ಬ್ರೈಟ್ ಹಾಕಿ ಎರಡು ಮೂರು ಸಲ ತೊಳೆಯಿರಿ. ನೀರು ಹನಿಯಾಗಿ ಒಡೆಯದೆ ಒಂದೇ ಹಾಳೆಯಾಗಿ ಹರಿದರೆ ಜಿಡ್ಡು ಹೋಗಿದೆ ಅಂತ ಅರ್ಥ. ಆಮೇಲೆ ಪ್ಲಾಸ್ಟಿಕ್ ಪ್ರೈಮರಿನ ಒಂದು ತೆಳು ಕೋಟ್ ಕಡ್ಡಾಯ. ಇದನ್ನು ಬಿಟ್ಟರೆ ಕಾರು ತೊಳೆಯುವ ಪ್ರೆಶರ್ ನೀರಿಗೇ ಬಣ್ಣ ಹಾಳೆ ಹಾಳೆಯಾಗಿ ಏಳುತ್ತದೆ.

3. ತೊಳೆಯಿರಿ, ಒರೆಸಿ, ಮತ್ತೆ ಬರಿಗೈಯಲ್ಲಿ ಮುಟ್ಟಬೇಡಿ

ಕಡಲ ಹತ್ತಿರದ ಬಾವಿ ನೀರು ಬೇಸಗೆಯಲ್ಲಿ ಉಪ್ಪಾಗುವುದುಂಟು. ಆ ನೀರಿನಲ್ಲಿ ತೊಳೆದರೆ ಉಪ್ಪು ಬಣ್ಣದ ಅಡಿಗೆ ಸೇರುತ್ತದೆ, ಮುಂದೆ ಅದೇ ತೇವ ಎಳೆದು ಬಣ್ಣದಲ್ಲಿ ಗುಳ್ಳೆ ಏಳಿಸುತ್ತದೆ. ಕೊನೆಯ ಸಲ ತೊಳೆಯಲು ಕುಡಿಯುವ ಸಿಹಿ ನೀರು ಬಳಸಿ. ನಮ್ಮ ಸೆಕೆಯಲ್ಲಿ ಅಂಗೈ ಬೆವರೂ ಉಪ್ಪೇ, ಹಾಗಾಗಿ ಇಲ್ಲಿಂದ ಮುಂದೆ ಗ್ಲೌಸ್ ಕಳಚಬೇಡಿ. ಹಣೆಯ ಬೆವರು ಬಣ್ಣ ಹೊಡೆಯುವ ಪ್ಯಾನೆಲ್ ಮೇಲೆ ಬೀಳದ ಹಾಗೆ ತಲೆಗೊಂದು ಬಟ್ಟೆ ಕಟ್ಟಿ.

ಆ ದಿನ ತಲೆಗೆ ತೆಂಗಿನೆಣ್ಣೆಯೂ ಬೇಡ. ಟಯರ್, ಡ್ಯಾಶ್‌ಬೋರ್ಡ್ ಹೊಳೆಯಿಸುವ ಸಿಲಿಕಾನ್ ಸ್ಪ್ರೇ ಅಂತೂ ಹತ್ತಿರವೂ ಬೇಡ. ಅದರ ಒಂದು ಕಣ ಬಿದ್ದರೂ ಬಣ್ಣ ಆ ಜಾಗ ಬಿಟ್ಟು ಸರಿದು ದುಂಡನೆಯ ಸಣ್ಣ ಸಣ್ಣ ಕುಳಿ ಮಾಡುತ್ತದೆ. ಇದಕ್ಕೆ ಫಿಶ್ ಐ ಅನ್ನುತ್ತಾರೆ. ಜಿಡ್ಡು ತೆಗೆಯುವಾಗ ಎರಡು ಬಟ್ಟೆ ಇರಲಿ. ಒಂದರಲ್ಲಿ ದ್ರಾವಣ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಒಂದೇ ಬಟ್ಟೆಯಾದರೆ ಜಿಡ್ಡು ಜಾಗ ಬದಲಿಸುತ್ತದೆ ಅಷ್ಟೇ.

4. ಬರಿ ತಗಡು ಕಂಡರೆ ಅದೇ ದಿನ ಮುಚ್ಚಿ

ಉಜ್ಜುವಾಗ ಎಲ್ಲಾದರೂ ಬೆಳ್ಳಗೆ ತಗಡು ಕಂಡರೆ ಅದನ್ನು ರಾತ್ರಿ ಹಾಗೇ ಬಿಡಬೇಡಿ. ನಮ್ಮ ಗಾಳಿಗೆ ಬೆಳಗಾಗುವುದರೊಳಗೆ ಅದರ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಬಂದಿರಬಹುದು. ಅದರ ಮೇಲೆ ಎಷ್ಟು ಒಳ್ಳೆ ಬಣ್ಣ ಹೊಡೆದರೂ ನಿಲ್ಲುವುದಿಲ್ಲ. ಬರಿ ತಗಡಿಗೆ ನೀರು ಹಾಕಿ ಉಜ್ಜುವುದೂ ಬೇಡ, ಒಣದಾಗಿಯೇ ಉಜ್ಜಿ, ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಚಕ್ರದ ಮೇಲಿನ ಕಮಾನಿನ ಒಳ ಮಡಿಕೆ ಇದೆಯಲ್ಲ, ಹಳೆ ಫೆಂಡರ್ ಕೊಳೆತದ್ದು ಹೆಚ್ಚಾಗಿ ಅಲ್ಲಿಂದಲೇ. ಕಣ್ಣಿಗೆ ಕಾಣದ ಆ ಮಡಿಕೆಗೆ ಮೊದಲು ಪ್ರೈಮರ್ ಹೊಡೆಯಿರಿ.

ಸಣ್ಣ ತಗ್ಗಿದ್ದರೆ ಪುಟ್ಟಿ ಹಾಕಬಹುದು. ಆದರೆ ಪುಟ್ಟಿ ನೀರು ಕುಡಿಯುತ್ತದೆ. ಅದನ್ನೂ ಒಣದಾಗಿಯೇ ಉಜ್ಜಬೇಕು. ನೀರು ಕುಡಿದ ಪುಟ್ಟಿಯ ಮೇಲೆ ಬಣ್ಣ ಹೊಡೆದರೆ ಮುಂದಿನ ಬೇಸಗೆಯಲ್ಲಿ ಗುಳ್ಳೆ ಏಳುವುದು ಗ್ಯಾರಂಟಿ.

5. ಜಾಗ ಸಿದ್ಧ ಮಾಡಿ

ಧೂಳು ಏಳದ ಹಾಗೆ ನೆಲಕ್ಕೆ ನೀರು ಹಾಕಿ ಅಂತ ಎಲ್ಲ ಕಡೆ ಹೇಳುತ್ತಾರೆ. ಒಣ ಊರಿಗೆ ಅದು ಸರಿ. ಇಲ್ಲಿ ಶೆಡ್ಡಿನ ನೆಲ ಒದ್ದೆ ಮಾಡಿದರೆ ಹೈಗ್ರೋಮೀಟರ್ ಏರುವುದನ್ನು ನೀವೇ ಕಣ್ಣಾರೆ ನೋಡುತ್ತೀರಿ. ಹಿಂದಿನ ದಿನ ಸಂಜೆ ಗುಡಿಸಿ ಒರೆಸಿ ಬಿಡಿ, ಬೆಳಗ್ಗೆ ನೆಲ ಒಣಗಿರಲಿ. ಕೆಂಪು ಮಣ್ಣಿನ ಅಂಗಳವಾದರೆ ಟಾರ್ಪಾಲು ಹಾಸಿ. ಮೂರು ಬದಿ ಪ್ಲಾಸ್ಟಿಕ್ ಶೀಟ್ ಇಳಿಬಿಟ್ಟು, ಒಂದು ಬದಿ ಪೂರ್ತಿ ತೆರೆದಿಡಿ; 2ಕೆ ಹೊಡೆಯುವ ಹೊತ್ತಿಗೆ ಮಾತ್ರ ಆ ಶೀಟ್‌ಗಳನ್ನೂ ಎತ್ತಿ ಬಯಲು ಮಾಡಿ. ನೇರ ಬಿಸಿಲು ಬೇಡ, ಕಾದ ತಗಡಿನ ಮೇಲೆ ಬಣ್ಣ ಹರಡುವ ಮೊದಲೇ ಒಣಗಿ ಒರಟಾಗುತ್ತದೆ. ರಾತ್ರಿ ಲೈಟ್ ಹಾಕಿ ಹೊಡೆಯುವ ಯೋಚನೆಯೂ ಬೇಡ, ಹುಳಗಳೆಲ್ಲ ಬಂದು ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತವೆ.

ಫೆಂಡರನ್ನು ಕಾರಿನಲ್ಲಿ ಹೇಗೆ ನಿಲ್ಲುತ್ತದೋ ಹಾಗೇ ತೂಗುಹಾಕಿ. ಮೆಟಾಲಿಕ್ ಬಣ್ಣಕ್ಕೆ ಇದು ಮುಖ್ಯ. ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಮಲಗಿಸಿ ಹೊಡೆದಾಗ ಒಂದು ಥರ, ನಿಲ್ಲಿಸಿ ಹೊಡೆದಾಗ ಇನ್ನೊಂದು ಥರ ಕೂರುತ್ತವೆ. ಬಣ್ಣ ಒಂದೇ ಡಬ್ಬಿಯದ್ದಾದರೂ ನೋಟ ಬೇರೆಯಾಗುತ್ತದೆ.

6. ಪ್ರೈಮರ್

ಎರಡು ಮೂರು ಕೋಟ್, ನಡುವೆ 10 ನಿಮಿಷ. ಡಬ್ಬಿಯ ಮೇಲೆ ಬೇರೆ ಹೊತ್ತು ಬರೆದಿದ್ದರೆ ಅದನ್ನೇ ನಂಬಿ. ಪೂರ್ತಿ ಒಣಗಿದ ಮೇಲೆ ದೂರದಿಂದ ಕಪ್ಪು ಬಣ್ಣವನ್ನು ಮಂಜಿನಂತೆ ಹಗುರಾಗಿ ಸಿಂಪಡಿಸಿ. ಇದಕ್ಕೆ ಗೈಡ್ ಕೋಟ್ ಅಂತ ಹೆಸರು. ಈಗ 600ರ ಪೇಪರಿನಲ್ಲಿ ನೀರು ಹಾಕಿ ಉಜ್ಜುತ್ತಾ ಹೋಗಿ. ಕಪ್ಪು ಚುಕ್ಕೆ ಉಳಿದ ಕಡೆ ಇನ್ನೂ ತಗ್ಗಿದೆ ಅಂತ ಅರ್ಥ. ಎಲ್ಲ ಮಾಯವಾದ ಮೇಲೆ 800ರಲ್ಲಿ ಒಮ್ಮೆ ಹಗುರಾಗಿ ಉಜ್ಜಿ. ಅಡಿಯ ಪ್ರೈಮರ್ ಹರಿದು ತಗಡು ಕಂಡರೆ ಆ ಜಾಗಕ್ಕೆ ಮತ್ತೆ ಪ್ರೈಮರ್. ತೊಳೆದು ಒಣಗಿಸಿ, ಸಂದುಗಳ ನೀರು ಪೂರ್ತಿ ಆರಲು ಒಂದು ರಾತ್ರಿ ಕೊಡಿ.

7. ಬಣ್ಣ

ಬೆಳಗ್ಗೆ ಮೊದಲು ಪ್ಯಾನೆಲ್ ಮೇಲೆ ಒಣ ಬಟ್ಟೆ ಎಳೆದು ನೋಡಿ, ಇಬ್ಬನಿಯ ಪಸೆ ಇದ್ದರೆ ಕಾಯಿರಿ. ಟ್ಯಾಕ್ ಕ್ಲಾತ್‌ನಿಂದ ಹಗುರಾಗಿ ಒರೆಸಿ. ಕ್ಯಾನನ್ನು ಪೂರ್ತಿ ಎರಡು ನಿಮಿಷ ಕುಲುಕಿ. ರಟ್ಟಿನ ಮೇಲೆ ಒಮ್ಮೆ ಹೊಡೆದು ಸಿಂಪಡಣೆ ಸಮ ಇದೆಯಾ ನೋಡಿ.

ಪ್ಯಾನೆಲ್‌ನಿಂದ 15ರಿಂದ 20 ಸೆಂಟಿಮೀಟರ್ ದೂರ. ಮಣಿಕಟ್ಟು ತಿರುಗಿಸಬೇಡಿ, ಇಡೀ ತೋಳನ್ನು ಸಮಾಂತರವಾಗಿ ಎಳೆಯಿರಿ. ಗುಂಡಿ ಒತ್ತುವುದು ಪ್ಯಾನೆಲ್‌ನ ಅಂಚಿನ ಹೊರಗೆ, ಬಿಡುವುದೂ ಆಚೆ ಅಂಚಿನ ಹೊರಗೆ. ಪ್ರತಿ ಗೆರೆ ಹಿಂದಿನ ಗೆರೆಯ ಅರ್ಧ ಮುಚ್ಚಬೇಕು. ಮೊದಲ ಕೋಟ್ ತೀರಾ ತೆಳುವಾಗಿರಲಿ, ಅಡಿಯ ಬಣ್ಣ ಕಂಡರೂ ಪರವಾಗಿಲ್ಲ. ಇಲ್ಲಿಯೇ ಜನ ಅವಸರ ಮಾಡುವುದು. ಒಂದೇ ಸಲಕ್ಕೆ ಮುಚ್ಚಿಬಿಡೋಣ ಅಂತ ಹೊಡೆಯುತ್ತಾರೆ, ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. 10ರಿಂದ 15 ನಿಮಿಷ ಬಿಟ್ಟು, ಹೊಳಪು ಹೋಗಿ ಮಂಕಾದ ಮೇಲೆ ಮುಂದಿನ ಕೋಟ್. ಮೂರು ನಾಲ್ಕು ಕೋಟ್‌ಗೆ ಪೂರ್ತಿ ಮುಚ್ಚುತ್ತದೆ. ಮೆಟಾಲಿಕ್ ಆದರೆ ಕೊನೆಯ ಕೋಟನ್ನು 25, 30 ಸೆಂಟಿಮೀಟರ್ ದೂರದಿಂದ ಹಗುರಾಗಿ ಹೊಡೆಯಿರಿ, ಮೋಡ ಮೋಡವಾದ ಕಲೆ ಹೋಗುತ್ತದೆ.

ಇಳಿದ ಬಣ್ಣವನ್ನು ಹಸಿಯಲ್ಲಿ ಬೆರಳಿನಿಂದ ಒರೆಸಬೇಡಿ. ಹುಳ ಬಿದ್ದರೂ ಹಾಗೇ ಬಿಡಿ. ಒಣಗಲಿ, 800ರಲ್ಲಿ ಉಜ್ಜಿ ಆ ಜಾಗಕ್ಕೆ ಮತ್ತೆ ಹೊಡೆಯಬಹುದು. ಮಬ್ಬು ಬಂದರೆ ಅದರ ಮೇಲೆ ತಕ್ಷಣ ಇನ್ನೊಂದು ದಪ್ಪ ಕೋಟ್ ಹೊಡೆಯಬೇಡಿ, ತೇವ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಒಣ ದಿನ ಕಾದು ಒಂದು ತೆಳು ಕೋಟ್ ಹೊಡೆದರೆ ಹೆಚ್ಚಾಗಿ ಸರಿಹೋಗುತ್ತದೆ.

8. ಕ್ಲಿಯರ್ ಕೋಟ್

7ರಲ್ಲಿ ಹೊಡೆದ ಬಣ್ಣ ಅದೇ ದಿನ, ಸುಮಾರು ಅರ್ಧ ಗಂಟೆ ಆರಿದ ಮೇಲೆ ಇದನ್ನು ಹೊಡೆಯುವುದು. ಅದಕ್ಕೇ 9ಕ್ಕೆ ಶುರು ಮಾಡಿ ಅಂದದ್ದು. 2ಕೆ ಕ್ಯಾನಿನ ಅಡಿಯಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಒಳಗಿನ ಹಾರ್ಡ್‌ನರ್ ಬಿಡುಗಡೆಯಾಗುತ್ತದೆ, ಆಮೇಲೆ ಎರಡು ನಿಮಿಷ ಕುಲುಕಬೇಕು. ಒಮ್ಮೆ ಒತ್ತಿದರೆ ಮುಗಿಯಿತು, ಉಳಿದದ್ದು ಕ್ಯಾನಿನೊಳಗೇ ಗಟ್ಟಿಯಾಗುತ್ತದೆ. ಆದ್ದರಿಂದ ಹೈಗ್ರೋಮೀಟರ್ ನೋಡದೆ, ಮಾಸ್ಕ್ ಹಾಕದೆ ಆ ಗುಂಡಿ ಮುಟ್ಟಬೇಡಿ.

ಮೊದಲು ತೆಳು, 10 ನಿಮಿಷ ಬಿಟ್ಟು ಎರಡನೆಯದು ಸ್ವಲ್ಪ ಹಸಿಯಾಗಿ, ಬೇಕಾದರೆ ಮೂರನೆಯದು. ಬಗ್ಗಿ ಓರೆಯಾಗಿ ಬೆಳಕಿಗೆ ಹಿಡಿದು ನೋಡುತ್ತಾ ಹೊಡೆಯಿರಿ. ಕಿತ್ತಳೆ ಸಿಪ್ಪೆಯಂಥ ಸಣ್ಣ ಒರಟು ಉಳಿದರೆ ಚಿಂತೆ ಬೇಡ, ಅದು ಪಾಲಿಶ್‌ನಲ್ಲಿ ಹೋಗುತ್ತದೆ. ಇಳಿದ ಕ್ಲಿಯರ್ ಸರಿಮಾಡುವುದು ಅದಕ್ಕಿಂತ ತುಂಬಾ ಕಷ್ಟ.

ಕಂಪ್ರೆಸರ್, ಸ್ಪ್ರೇ ಗನ್ ಇರುವವರಿಗೆ ಎರಡು ಮಾತು. ನಮ್ಮ ಹವೆಯಲ್ಲಿ ಟ್ಯಾಂಕಿನ ಅಡಿ ಬೇಗ ನೀರು ತುಂಬುತ್ತದೆ, ಪ್ರತಿ ಸಲ ಆ ನೀರನ್ನು ಹೊರಗೆ ಬಿಡಿ, ಪೈಪಿಗೆ ಗಾಳಿಯ ನೀರು ಹಿಡಿಯುವ ವಾಟರ್ ಟ್ರ್ಯಾಪ್ ಹಾಕಿ. ಹಾರ್ಡ್‌ನರ್ ಡಬ್ಬಿಯ ಮುಚ್ಚಳವನ್ನು ಸುರಿದ ಕೂಡಲೇ ಬಿಗಿ ಮಾಡಿ, ಅದು ಗಾಳಿಯ ತೇವದ ಜೊತೆಗೇ ಕೆಲಸ ಶುರು ಮಾಡುತ್ತದೆ. ಒಳಗೆ ಬೆಳ್ಳಗೆ ಹರಳು ಕಂಡರೆ ಆ ಡಬ್ಬಿ ಉಪಯೋಗಕ್ಕಿಲ್ಲ.

9. ಒಣಗಿಸುವುದು, ಪಾಲಿಶ್, ಜೋಡಣೆ

ಧೂಳು ಅಂಟದಷ್ಟು ಒಣಗಲು ಅರ್ಧ ಮುಕ್ಕಾಲು ಗಂಟೆ ಸಾಕು. ಆಮೇಲೆ ಮನೆಯವರು ಓಡಾಡದ, ಗಾಳಿ ಆಡುವ ಜಾಗಕ್ಕೆ ಸಾಗಿಸಿ. ಅಂಗಳದಲ್ಲಿ ಬಿಟ್ಟರೆ ರಾತ್ರಿಯ ಇಬ್ಬನಿ ಬೀಳುತ್ತದೆ. ಎರಡು ದಿನ ಬಿಟ್ಟು 1500, 2000ರ ಪೇಪರಿನಲ್ಲಿ ಸೋಪು ನೀರು ಹಾಕಿ ಹಗುರಾಗಿ ಉಜ್ಜಿ, ಕಾಂಪೌಂಡ್ ಹಾಕಿ ಹೊಳಪು ತನ್ನಿ. ಅಂಚುಗಳಲ್ಲಿ ಪದರ ತೆಳು, ಅಲ್ಲಿ ಪೇಪರ್ ತಾಗಿಸಬೇಡಿ.

ಜೋಡಿಸುವಾಗ ಬಾಗಿಲಿನ ಅಂಚಿಗೆ, ಬಾನೆಟ್ ಅಂಚಿಗೆ ಟೇಪ್ ಹಚ್ಚಿ, ಇನ್ನೊಬ್ಬರ ಕೈ ಸಹಾಯ ಇರಲಿ. ಬೋಲ್ಟ್ ತಿರುಗಿಸಿದಾಗ ತಲೆಯ ಅಡಿ ಬಣ್ಣ ಕೆರೆಯುತ್ತದೆ, ಅಲ್ಲಿಗೆ ಬ್ರಷ್‌ನಲ್ಲಿ ಬಣ್ಣ ಮುಟ್ಟಿಸಿ. ಫೆಂಡರಿನ ಒಳಬದಿಗೆ ಅಂಡರ್‌ಬಾಡಿ ಕೋಟಿಂಗ್ ಬಳಿಯಿರಿ, ನೀರು ಇಳಿಯುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ. ಮೊದಲ ವಾರ ತೊಳೆಯಬೇಡಿ, ಒಂದು ತಿಂಗಳು ವ್ಯಾಕ್ಸ್ ಬೇಡ. ಹಕ್ಕಿ ಹಿಕ್ಕೆ ಬಿದ್ದರೆ ಕೂಡಲೇ ಸಿಹಿ ನೀರಿನಲ್ಲಿ ನೆನೆಸಿ ತೆಗೆಯಿರಿ.

ಉಳಿದ ಥಿನ್ನರನ್ನು ಅಂಗಳದಲ್ಲೋ ತೋಡಿಗೋ ಸುರಿಯಬೇಡಿ. ನಮ್ಮದು ಮುರಕಲ್ಲಿನ ನೆಲ, ಸುರಿದದ್ದು ಬೇಗ ಇಳಿದು ಬಾವಿ ಸೇರುತ್ತದೆ, ನಿಮ್ಮದಲ್ಲದಿದ್ದರೆ ನೆರೆಮನೆಯದ್ದು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟರೆ ಮಡ್ಡಿ ಕೆಳಗೆ ಕೂರುತ್ತದೆ, ಮೇಲಿನ ತಿಳಿಯನ್ನು ಗನ್, ಬ್ರಷ್ ತೊಳೆಯಲು ಮತ್ತೆ ಬಳಸಬಹುದು. ಬೆರೆಸಿ ಉಳಿದ 2ಕೆ ಬಣ್ಣ ಡಬ್ಬಿಯಲ್ಲೇ ಗಟ್ಟಿಯಾಗಲಿ, ಆಮೇಲೆ ಹಸಿ ಕಸ ಒಣ ಕಸದ ಜೊತೆ ಸೇರಿಸದೆ ಬೇರೆಯಾಗಿ ಕಟ್ಟಿ, ಅಪಾಯಕಾರಿ ಕಸ ಅಂತ ಹೇಳಿಯೇ ಕೊಡಿ. ಥಿನ್ನರ್ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡದೆ ಹೊರಗೆ ಹರವಿ ಒಣಗಿಸಿ ಹಾಕಿ.